ಕನ್ನಡಿಯೊಳಗ ಇಪ್ಪತ್ತಮೂರು ಮಂದಿ

ಮುಂಜಾನೆ ಏಳಕ್ಕ ಜುಫೇರಿನ ಹೋಟೆಲ್ ಮುಂದ ಬಸ್ ಹಚ್ಚಿದೆ.
ಇಪ್ಪತ್ತಮೂರು ಹುಡುಗರು, ಇಬ್ಬರು ಮೇಷ್ಟ್ರು,
ಎಲ್ಲಾರಿಗೂ ಒಂದೇ ಬಣ್ಣದ ಟೋಪಿ,
ಟೋಪಿ ಮ್ಯಾಲ ಕಾಲೇಜಿನ ಹೆಸರು, ತುಮಕೂರು.
ಓದಿದೆ. ಓದಿ ಸುಮ್ಮನಾದೆ.
ಗುಡ್ ಮಾರ್ನಿಂಗ್ ಅಂದೆ, ಕಂಪನಿ ಕಲಿಸಿದಂಗ.

ಯಾಕ ಹೇಳಲಿಲ್ಲ ಅಂತ ಕೇಳಬ್ಯಾಡ್ರಿ.
ಬಹರೇನಿನ್ಯಾಗ ಹನ್ನೊಂದು ವರ್ಷ, ಇದೇ ಸ್ಟೇರಿಂಗ್ ಹಿಂದ
ಹಿಂದಿ, ಮಲಯಾಳಂ, ಒಂದು ಹಿಡಿ ಅರಬ್ಬಿ.
ಕನ್ನಡ ಅಂದ್ರ ಶುಕ್ರವಾರದ ಫೋನು,
ಅದೂ ಅವ್ವ ಇರೋತನ.

ಸಿಗ್ನಲ್ಲಿಗೆ ನಿಂತಾಗ ಹಿಂದಿನ ಸೀಟಿನವ ಅಂದ:
"ಡ್ರೈವರ್ರು ಪಾಕಿಸ್ತಾನದವನೇ ಕಣೋ, ಗಡ್ಡ ನೋಡು."
"ಬಾಂಗ್ಲಾ ಇರ್ಬೇಕು ಚಿರಂತ."
"ಐವತ್ತು ರೂಪಾಯಿ ಬೆಟ್ಟು?"
ಕನ್ನಡಿಯೊಳಗ ಅವನ ಹಲ್ಲು ಕಂಡವು. ಚಲೋ ಹಲ್ಲು.
ಹಸಿರು ಬಿತ್ತು, ಗೇರ್ ಹಾಕಿದೆ.
ಅಲ್ಲಿಗೆ ತಡಾ ಆತು. ಇನ್ನ ಹೇಳಿದ್ರ
ನಾಚಿಕಿ ಅವರಿಗೋ, ನನಗೋ?

ಆಲಿ ಅನ್ನೋ ಊರಾಗ ಗೋರಿ ದಿಬ್ಬ ನೋಡಿದ್ರು.
ಮನಿ ಮನಿ ನಡುವ ದಿಬ್ಬ, ಒಂದರ ಮ್ಯಾಲ ಡಿಶ್ಶಿನ ನೆರಳು.
ನಾಕು ಸಾವಿರ ವರ್ಷ ಅಂದ ಗೈಡು.
ಮೇಷ್ಟ್ರು ಬೆವರು ಒರಸಿಕೋತ ಬರಕೊಂಡ್ರು,
ಹುಡುಗರಿಗೆ ನೀರಡಿಕಿ.
ನನಗಿದು ಹೊಸಾದಲ್ಲ. ಐಹೊಳಿ ನಮ್ಮೂರು.
ಹಳೇ ಗುಡಿ ಗ್ವಾಡಿಗೆ ನಮ್ಮಜ್ಜಿ ಒಲಿ ಹೂಡಿದ್ಲು,
ಸರಕಾರದವರು ಬಂದಿಂದ ಕಿತ್ತಿದ್ಲು.
ಈಗ ಅಲ್ಲೆ ಬೋರ್ಡು. ಬೋರ್ಡಿನ್ಯಾಗ ಒಲಿ ಸುದ್ದಿ ಇಲ್ಲ,
ಕಲ್ಲಿಗೆ ಹತ್ತಿದ ಮಸಿ ಇನ್ನೂ ಐತಿ.

ಸಮುದ್ರದ ದಂಡಿಗೆ ಕ್ವಾಟಿ, ಅದರ ಬಾಜೂಕ ಮ್ಯೂಜಿಯಮ್.
ಡ್ರೈವರು ಬಸ್ಸಿನ್ಯಾಗ ಕುಂದರಬೇಕು.
ಒಳಗೇನೈತಿ ನನಗ ಗೊತ್ತು; ಒಂದು ರಜಾ ದಿನ
ನನ್ನ ರೊಕ್ಕದಾಗ ಹೋಗಿ ನೋಡೀನಿ:
ಮಣ್ಣಿನ ಬಟ್ಟಲು, ಬಟ್ಟಲದಾಗ ಸುರಳಿ ಸುತ್ತಿದ ಹಾವಿನ ಎಲುವು,
ಅದರ ಸಂಗಾಟ ಒಂದು ಮುತ್ತು.
ನೆಲದ ಕೆಳಗ ಹುಗದಿದ್ರಂತ.
ಮ್ಯಾಲ ಮಂದಿ ಉಂಡು, ಮಲಗಿ, ಕೂಸು ಆಡಿಸಿ
ಓಡ್ಯಾಡಿರಬೇಕು.

ಹೊತ್ತು ಇಳದ ಮ್ಯಾಲೆ ದಂಡಿಗೆ ಬಿಟ್ಟೆ.
ಪ್ಯಾಂಟು ಮಡಚಿ, ಕೇಕಿ ಹಾಕಿ ಓಡಿದ್ರು.
ತುಮಕೂರಾಗ ಸಮುದ್ರ ಎಲ್ಲಿಂದ ಬರಬೇಕು!
ನಾ ಬಸ್ಸಿನ ಮೆಟ್ಟಿಲ ಮ್ಯಾಲ ಕುಂತೆ,
ಎಲ್ಲಾರ ಫೋನು, ವಾಚು ನನ್ನ ತೊಡಿ ಮ್ಯಾಲ.
"ಎಣಿಸಿ ಕೊಡ್ರೋ, ಯಾರನ್ನ ನಂಬೋದು" -
ಅದೇ ಚಲೋ ಹಲ್ಲು.
ನಾನೂ ಎಣಿಸಿದೆ, ಮನಸಿನ್ಯಾಗ. ಹತ್ತೊಂಬತ್ತು ಫೋನು.

ಇಲ್ಲಿ ನೀರು ಮೋಸಗಾತಿ. ಮೊಣಕಾಲ ಮಟ, ಅರ್ಧ ಮೈಲಿ,
ನಡಿ ನಡಿ ಅಂತ ಒಳಗ ಕರಕೊಂಡು
ಆಮ್ಯಾಲೆ ಬೆನ್ನ ಹಿಂದ ತುಂಬತೈತಿ.
ನಿಸರ್ಗ ಅಂತ ಒಬ್ಬಾಕಿ, ಹಾಜರಿ ಕರಿಯುವಾಗ ಕೇಳಿದ್ದೆ,
ಚಿಪ್ಪು ಆರಿಸಿಕೋತ ಹೊಂಟಿದ್ಲು, ಹೊಂಟೇ ಇದ್ಲು.
ಮೇಷ್ಟ್ರು ಫೋಟೋದಾಗ.
ಹಲೋ ಮೇಡಂ ಅಂತ ಕೂಗಿದೆ. ಗಾಳಿ ತಿಂದು ಹಾಕ್ತು.
ಎದ್ದೆ. ಫೋನೆಲ್ಲಾ ಉಸುಕಿನ್ಯಾಗ ಚೆಲ್ಲಿದ್ವು.
ಬೂಟು ಸಮೇತ ಓಡಿದೆ:
"ಏ ತಂಗೀ! ಹಿಂದಕ ಬಾ ನಮ್ಮವ್ವ!
ನೀರ ಏರಾಕತ್ತೈತೇ!"

ಬಟ್ಟಲದಾಗಿನದು ಹೆಡಿ ಎತ್ತಿತ್ತು.

ಆಕಿ ತಿರುಗಿದ್ಲು.
ಉಳಿದ ಟೋಪಿಗಳೂ ತಿರುಗಿದ್ವು, ನನ್ನ ಕಡೆ.

ನಡಾ ಮಟ ತೋಯಿಸಿಕೊಂಡು ಬಂದಾಕಿ ಕೇಳಿದ್ಲು,
"ಯಾವೂರಣ್ಣ ನಿಮ್ದು?"
ಐಹೊಳಿ. ರಾಜೇಸಾಬ ನದಾಫ.
ಚಿರಂತ ಚಪ್ಪಲಿ ಹುಡುಕಾಕ ಹತ್ತಿದ,
ಚಪ್ಪಲಿ ಅವನ ಕಾಲಾಗ ಇದ್ವು.

ಹೊಳ್ಳಿ ಹೋಗುವಾಗ ಬಸ್ಸಿನ್ಯಾಗ ಒಬ್ಬರೂ ಕನ್ನಡ ಆಡಲಿಲ್ಲ.
ಇಂಗ್ಲಿಷಿನ್ಯಾಗ ಗುಸು ಗುಸು,
ನನಗ ತಿಳೀತೈತಿ ಅಂತ.
ಹನ್ನೊಂದು ವರ್ಷಕ್ಕ ಸಿಕ್ಕ ಅರ್ಧ ದಿನದ ಮಾತು
ನಾನಽ ಕೆಡಿಸಿಕೊಂಡೆ.
ಗಡ್ಡದ ಮಾತಾದ್ರೂ ಆಡ್ರೋ,
ಕೇಳಾಕ ಹಿತ ಇತ್ತು.

ಮತ್ತದೇ ಸಿಗ್ನಲ್. ಕೆಂಪು.
ಹಿಂದಿನ ಸೀಟಿನಿಂದ, ಭಾಳ ಮೆತ್ತಗ:
"ಇಬ್ರೂ ಸೋತ್ವಲ್ಲೋ. ಐವತ್ತು ಯಾರಿಗೆ?"

"ನನಗ ಕೊಡ್ರಿ," ಅಂದೆ, ಕನ್ನಡಿಗೆ.